ಮಗಳ ಕೋಣೆಯ ತೊಟ್ಟಿಲ ಕೊಂಡಿ

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವಳು ನಾನು. ಆ ಪ್ರಮಾಣಪತ್ರ ಭಾಗ್ಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲೆ, ಗಾಜಿನ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬಂದ ನೆಂಟರು ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ನೇರವಾಗಿ ಒಳಕೋಣೆಗೆ ಹೋಗಿ ತಲೆ ಎತ್ತುತ್ತಿದ್ದರು. ಅಲ್ಲಿ ಸ್ಲ್ಯಾಬಿನಲ್ಲಿ ಒಂದು ಕಬ್ಬಿಣದ ಕೊಂಡಿ ಇತ್ತು, ತೊಟ್ಟಿಲು ಕಟ್ಟುವುದಕ್ಕೆ.

ಅದನ್ನು ಹಾಕಿಸಿದ್ದು ಅತ್ತೆ. ಮನೆ ಕಟ್ಟುವಾಗ ದೇವರ ಜಗುಲಿಯ ದಿಕ್ಕನ್ನೇ ಗೌಂಡಿಗೆ ಬಿಟ್ಟಿದ್ದವರು, ಸ್ಲ್ಯಾಬ್ ಹಾಕುವ ದಿನ ಉಸುಕಿನ ಗುಂಪಿಯ ಮೇಲೆ ಕುಳಿತು ಕೊಂಡಿ ಹಾಕಿಸಿಯೇ ಎದ್ದರು. ಅದರಡಿ ತೂಗಿದ್ದು ನನ್ನ ಮಗಳು ಒಬ್ಬಳೇ. ಒಬ್ಬಳೇ ಸಾಕು ಎಂದು ನಾನೂ ನಮ್ಮವರೂ ಯೋಚಿಸಿ ಅತ್ತೆಗೆ ತಿಳಿಸಿದೆವು. ನಾನು ಕೆಲಸ ಮಾಡುವ ಕಚೇರಿಗೆ ಸುತ್ತೋಲೆ ಬಂದಾಗ ಏನಾಗುತ್ತದೋ ಅದೇ ಆಯಿತು. ಗಮನಿಸಿದಂತೆ ಮಾಡಿ ಪಕ್ಕಕ್ಕಿಟ್ಟರು.

ತೊಟ್ಟಿಲು ಬಿಚ್ಚಿದ ಮೇಲೂ ಕೊಂಡಿಗೆ ಕೆಲಸ ತಪ್ಪಲಿಲ್ಲ. ನೆಂಟರು ಮೊದಲು ಕೊಂಡಿ ನೋಡುತ್ತಿದ್ದರು, ಆಮೇಲೆ ನನ್ನ ಹೊಟ್ಟೆ ನೋಡುತ್ತಿದ್ದರು, ಆಮೇಲೆ ಚಹಾ ಕುಡಿಯುತ್ತಿದ್ದರು.

ಮಗಳು ಆರನೆಯ ತರಗತಿಗೆ ಬಂದಾಗ ತನಗೊಂದು ಕೋಣೆ ಬೇಕೆಂದಳು. ಅಲ್ಲಿಯವರೆಗೆ ಅವಳು ಪಡಸಾಲೆಯ ಮಂಚದ ಮೇಲೆ ಅಜ್ಜಿಯ ಪಕ್ಕ ಮಲಗುತ್ತಿದ್ದಳು. ಒಳಕೋಣೆಯಲ್ಲಿ ಜೋಳದ ಚೀಲಗಳೂ ಕೆಟ್ಟ ಫ್ಯಾನೂ ಆರಾಮವಾಗಿದ್ದವು. ಹುಲಿಹೈದರದ ನನ್ನ ತವರಿನಲ್ಲಿ ನಾನು ಓದಿದ್ದು ಆಡು ಕಟ್ಟುವ ಮೂಲೆಯಲ್ಲಿ. ಆಡುಗಳು ನನ್ನ ಇತಿಹಾಸದ ಪುಸ್ತಕವನ್ನು ನನಗಿಂತ ಮೊದಲು ಮುಗಿಸಿದವು. ಆದ್ದರಿಂದ ಮಗಳಿಗೆ ಕೋಣೆ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ಆಶ್ಚರ್ಯವೆಂದರೆ ಅತ್ತೆಯೂ ತಕ್ಷಣ ಒಪ್ಪಿದರು.

“ಮಾಡಿಕೊಡು ತಾಯಿ, ಪುಣ್ಯ ಬರತೈತಿ. ರಾತ್ರಿ ಎಲ್ಲಾ ಕತ್ತಿ ಒದ್ದಂಗ ಒದೀತಾಳ.”

ಚೀಲಗಳು ಅಡುಗೆಮನೆಯ ಮೂಲೆಗೆ ಹೋದವು. ಅಂಗಡಿಯಿಂದ ಬಣ್ಣಗಳ ಕಾರ್ಡ್ ಬಂತು. ಅದರಲ್ಲಿ ನೀಲಿಯೇ ಒಂದು ಪುಟ. ನನ್ನ ತವರಿನಲ್ಲಿ ಸುಣ್ಣಕ್ಕೆ ಚೂರು ನೀಲಿ ಪುಡಿ ಬಿದ್ದರೆ ಅದೇ ಶ್ರೀಮಂತಿಕೆ. ಮಗಳು ಅರ್ಧ ದಿನ ಯೋಚಿಸಿ ನವಿಲಿನ ಕತ್ತಿನಂಥ ನೀಲಿಯೊಂದನ್ನು ಆರಿಸಿದಳು. ಪೇಂಟರ್ ಬಂದು ಗೋಡೆ ಉಜ್ಜಿದ, ಪುಟ್ಟಿ ಹಚ್ಚಿದ, ಮೇಲೆ ನೋಡಿದ.

“ಈ ಕೊಂಡಿ ಏನ್ ಮಾಡ್ಲಿರಿ ಮೇಡಮ್ಮಾರ? ಕೊಯ್ದು ತಗದ್ರ ಸಾಫ್ ಕಾಣತೈತಿ.”

ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದ ಸಮೇತ ಬಾಗಿಲಿಗೆ ಬಂದರು.

“ಏ ಅಪ್ಪಾ, ಅದನ್ನ ಮುಟ್ಟಬ್ಯಾಡ. ನಾಳಿಗೆ ಬೇಕಾಗತೈತಿ.”

“ಯಾತಕ್ಕ ಬೇಕ್ರಿ ಅತ್ತಿ?” ಎಂದೆ.

“ಯಾತಕ್ಕಂದ್ರ? ಡಿಗ್ರಿ ಮಾಡಿದಾಕಿ, ಅಷ್ಟೂ ತಿಳಿಯಂಗಿಲ್ಲೇನು?”

“ಡಿಗ್ರ್ಯಾಗ ಇದನ್ನ ಕಲಿಸಿಲ್ರಿ.”

ನಮ್ಮವರ ಮುಖ ನೋಡಿದೆ. ಅವರು ಬಣ್ಣದ ಡಬ್ಬಿಯ ಮೇಲಿನ ಸೂಚನೆಗಳನ್ನು ಓದತೊಡಗಿದರು. ಮದುವೆಯಾದಾಗಿನಿಂದ ಅವರು ಏನನ್ನಾದರೂ ಅಷ್ಟು ಶ್ರದ್ಧೆಯಿಂದ ಓದಿದ್ದನ್ನು ನಾನು ಕಂಡಿರಲಿಲ್ಲ.

ಮಗಳು ಕಾರ್ಡ್ ಹಿಡಿದು ಅಲ್ಲೇ ನಿಂತಿದ್ದಳು. “ನಾಳಿಗೆ ಯಾರಿಗೆ ಬೇಕಜ್ಜಿ?”

“ನಿನ್ನ ತಮ್ಮಗ.”

“ಅಂವ ಎಲ್ಲಿದಾನ?”

“ಬರತಾನ, ದೇವ್ರು ಕಣ್ ಬಿಟ್ರ.”

“ಬಂದ್ರ ಈ ರೂಮಿನಾಗ ಇರ್ತಾನೇನು?”

“ಮತ್ತ? ಗಂಡುಮಗಂದಲ್ಲೇನು ಮನಿ. ನೀ ಹೆಂಗೂ ಹೋಗಾಕಿ.”

ಅತ್ತೆ ಇದನ್ನು ಸಿಟ್ಟಿನಿಂದಲೂ ಹೇಳಲಿಲ್ಲ, ಕೊಂಕಿನಿಂದಲೂ ಹೇಳಲಿಲ್ಲ. ಹೇಳುತ್ತಲೇ ಅಕ್ಕಿಯಲ್ಲಿ ಒಂದು ಕಲ್ಲು ಹೆಕ್ಕಿ ಬಿಸಾಡಿದರು. ಮಗಳು ಕಾರ್ಡನ್ನು ಕಿಟಕಿಯಲ್ಲಿಟ್ಟು ಪಡಸಾಲೆಗೆ ಹೋದಳು. ಅಜ್ಜಿಯ ಮಂಚದ ಮೇಲೆ, ಮಟಮಟ ಮಧ್ಯಾಹ್ನ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

“ಬಣ್ಣ ಬ್ಯಾಡ ಮಮ್ಮಿ. ಅಂವ ಬಂದಮ್ಯಾಲ ಅಂವನ್ನ ಕೇಳಿ ಹಚ್ರಿ.”

ಕಚೇರಿಯಲ್ಲಿ ಸಾಹೇಬರಿಗೂ ತಿರುಗಿ ಮಾತಾಡುವವಳು ನಾನು. ಆ ಹೊತ್ತು ನೆಂಟರಂತೆ ತಲೆ ಎತ್ತಿ ಕೊಂಡಿ ನೋಡಿದೆ. ಇಲ್ಲದ ಒಬ್ಬನಿಗೆ ಇಷ್ಟು ವರ್ಷ ನಮ್ಮ ಮನೆಯ ಚಾವಣಿಯಲ್ಲಿ ಜಾಗ ಕಾದಿರಿಸಿದ್ದೆವು. ಇರುವವಳು ಅಜ್ಜಿಯ ಮಂಚದ ಅಂಚಿನಲ್ಲಿ ಬೆಳೆಯುತ್ತಿದ್ದಳು.

“ಕೊಯ್ಯಪಾ,” ಎಂದೆ ಪೇಂಟರ್‌ಗೆ.

“ಕೊಯ್ದ್ರ ಮನಿಗೆ ಛಲೋ ಅಲ್ಲ,” ಎಂದರು ಅತ್ತೆ.

“ಅತ್ತಿ, ನಲವತ್ತು ದಾಟಿದಾಕಿ ಬಸುರಾದ್ರ ಮನಿಗೆ ಛಲೋ ಏನ್ರಿ? ಕಚೇರಿಗೆ ರಜಾ ಅರ್ಜಿ ನೀವು ಬರದ್ ಕೊಡ್ತೀರೇನು?”

“ಬಾಯಿ ನೋಡು ಇಕೀದು.”

“ಬಾಯಿ ಇರ್ಲಿ ಬಿಡ್ರಿ. ಆಕಿ ಹೋಗಾಕಿ ಅಂದ್ರ, ಹೋಗೂತನಕ ಆದ್ರೂ ತನ್ನ ರೂಮಿನಾಗ ಇರ್ಲಿ.”

ಪೇಂಟರ್ ಕೊಯ್ಯುವ ಮಷಿನ್ ಹಿಡಿದು ಪಂಚಾಯ್ತಿಗೆ ಸಾಕ್ಷಿ ಹೇಳಲು ಬಂದವನಂತೆ ನಿಂತಿದ್ದ. ಆಗ ನಮ್ಮವರು ಡಬ್ಬಿ ಕೆಳಗಿಟ್ಟರು, ಹೋಗಿ ಏಣಿ ಹಿಡಿದರು. ಅಷ್ಟೇ ಅವರ ಭಾಷಣ. ನನ್ನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಭಾಷಣ.

ಕೊಂಡಿ ಕಿಡಿ ಹಾರಿಸುತ್ತ ಬಿತ್ತು. ಅತ್ತೆ ಅದು ಆರುವವರೆಗೆ ಕಾದು, ಬಟ್ಟೆಯಲ್ಲಿ ಸುತ್ತಿ, ತಮ್ಮ ಟ್ರಂಕಿನಲ್ಲಿಟ್ಟರು. “ಕಬ್ಬಿಣ. ಚೆಲ್ಲಬಾರದು.” ಹೀಗೆ ಬರಬೇಕಾದ ತಮ್ಮನಿಗೂ ಮನೆಯಲ್ಲಿ ಪ್ರತ್ಯೇಕ ವ್ಯವಸ್ಥೆಯಾಯಿತು.

ಬಣ್ಣದ ವಾಸನೆ ಹೋದ ಮೇಲೆ ಮಗಳು ಕೋಣೆಗೆ ಹೋದಳು. ಈಗ ಅತ್ತೆಗೆ ಪೂರ್ತಿ ಮಂಚ ಸಿಕ್ಕಿದೆ. ನಿದ್ದೆ ಬರುವುದಿಲ್ಲವಂತೆ. ಕೊಂಡಿಯಿದ್ದ ಜಾಗದಲ್ಲಿ ಪುಟ್ಟಿ ಎಷ್ಟು ಮೆತ್ತಿದರೂ ಒಂದು ಗುಳಿ ಉಳಿದಿದೆ. ನೆಂಟರು ಬಂದರೆ ಅತ್ತೆ ಅದನ್ನು ತೋರಿಸಲು ಕರೆದೊಯ್ಯುತ್ತಾರೆ, ನನ್ನ ದುರಾಡಳಿತದ ಸಾಕ್ಷಿಯಾಗಿ. ಆದರೆ ಈಗ ಆ ಬಾಗಿಲು ಒಳಗಿನಿಂದ ಹಾಕಿರುತ್ತದೆ. ಬಡಿದರೆ ಮಗಳು ಎದ್ದು ಬರುವುದೂ ಇಲ್ಲ.

“ಓದಾಕತ್ತೀನಿ. ಆಮ್ಯಾಲ ಬರ್ರಿ.”

ನೆಂಟರು ಪಡಸಾಲೆಗೆ ಮರಳಿ ಚಹಾಕ್ಕೆ ಕಾಯುತ್ತಾರೆ. ಮಗಳು ಓದುವಾಗ ಟಿವಿ ಹಾಕುವಂತಿಲ್ಲ. ಅಲ್ಲಿ ನೋಡಲು ಬೇರೇನೂ ಇಲ್ಲವಾದ್ದರಿಂದ, ಈಗೀಗ ನನ್ನ ಪ್ರಮಾಣಪತ್ರವನ್ನು ಓದುತ್ತಾರೆ.