ಹೇನು ಎಂಬ ಹೆಸರು

ನಿನ್ನೊಳಗಿನ ಕರುಣೆಯನ್ನು ಕೊಂದವಳು ನಾನು, ಭವ್ಯಾ. ಆಗ ನೀನು ಮೂರನೇ ತರಗತಿ. ನಾನು ನಿನ್ನ ಟೀಚರ್.

ಆ ವರ್ಷ ಅಮ್ಮತ್ತಿ ಊರಿನ ನಮ್ಮ ಶಾಲೆಗೆ ರೂಪಾಲಿ ಬಂದಳು. ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದು, ಕೂಲಿಗಳ ಸಾಲುಮನೆಯಲ್ಲಿ — ಲೈನ್‌ಮನೆಯಲ್ಲಿ — ಇದ್ದವರ ಮಗಳು, ಕನ್ನಡ ಒಂದಕ್ಷರ ಬಾರದು. ಅವಳ ಪಕ್ಕ ಯಾರೂ ಕೂರಲಿಲ್ಲ. ನೀನೇ ಎದ್ದು ಹೋಗಿ ಕೂತೆ — ಯಾರೂ ಹೇಳಿರಲಿಲ್ಲ. ಕಿತ್ತಳೆ ಸುಲಿದು ಕೊಟ್ಟು ಅದರ ಹೆಸರು ಹೇಳಿಸುತ್ತಿದ್ದೆ. ಅವಳು ತಪ್ಪಿದರೆ ಇಬ್ಬರೂ ನಗುತ್ತಿದ್ದಿರಿ. ಒಳ್ಳೆಯ ಕೆಲಸ ಮಾಡಿದೆ ಮಗೂ, ಅನ್ನಬಹುದಿತ್ತು ನಾನು. ಅನ್ನಲಿಲ್ಲ.

ಒಂದು ದಿನ ನಿನ್ನ ತಲೆಯಲ್ಲಿ ಹೇನು ಕಂಡವೆಂದು ನಿನ್ನ ಅಮ್ಮ ಶಾಲೆಗೆ ಬಂದು ನನ್ನ ಮೇಲೆ ರೇಗಿ ಹೋದರು. ಆ ಸಿಟ್ಟನ್ನು ನಾನು — ಇಡೀ ತರಗತಿಯ ಎದುರು —

"ಲೈನ್‌ಮನೆಯವಳ ತಲೆಗೆ ತಲೆ ತಾಗಿಸ್ಕೊಂಡು ಕೂತ್ರೆ ಇನ್ನೇನು ಬರ್ತದೆ? ನಾಚಿಕೆ ಇಲ್ವಾ ನಿಂಗೆ? ಏಳು, ಈಚೆ ಬಾ."

ಮಕ್ಕಳು ನಕ್ಕರು. ನೀನು ಚೀಲ ಎತ್ತಿಕೊಂಡು ಬಂದೆ. ರೂಪಾಲಿಗೆ ಏನೂ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕಳು.

ಮರುದಿನ ಅವಳು ಹತ್ತಿರ ಬಂದಾಗ ನೀನು ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡು ನನ್ನ ಮುಖ ನೋಡಿದೆ — ಸರಿಯೇ ಎಂದು ಕೇಳುವ ಹಾಗೆ. ನಾನು ಮುಗುಳ್ನಕ್ಕೆ.

ಆಮೇಲೆ 'ಹೇನು' ಎಂಬುದೇ ಅವಳ ಹೆಸರಾಯಿತು. ಹಾಜರಿಯ ಹೊತ್ತಿಗೆ ಹಿಂದಿನಿಂದ ಯಾರಾದರೂ ಹಾಗೆ ಕೂಗಿದರೆ, "ಎಸ್ ಟೀಚರ್" ಎಂದು ಅವಳೇ ಎದ್ದು ನಿಲ್ಲುತ್ತಿದ್ದಳು. ನಾನು ತಡೆಯಲಿಲ್ಲ. ನನಗೂ ನಗು ಬಂದಿತ್ತು — ಇದನ್ನು ಇಂದಿನವರೆಗೂ ಯಾರಿಗೂ ಹೇಳಿಲ್ಲ.

ಒಂದು ಬೆಳಿಗ್ಗೆ ಅವಳು ತಲೆ ಬೋಳಿಸಿಕೊಂಡು ಬಂದಳು. ಹೇನಿಲ್ಲ, ನೋಡು ಎಂಬಂತೆ ನಿನ್ನ ಮುಂದೆ ತಲೆ ಬಗ್ಗಿಸಿದಳು. ನೀನು ಅದರ ಮೇಲೆ ಚಾಕ್‌ಪೀಸಿನಲ್ಲಿ ಗೀಚಿದೆ. ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಈಗ ನೀನೂ ಟೀಚರ್.

"ಲೈನ್ ಮಕ್ಕಳನ್ನ ಬೇರೆ ಬೆಂಚಲ್ಲಿ ಕೂರಿಸಿದ್ದೇನೆ. ಪೇರೆಂಟ್ಸ್ ಕಿರಿಕಿರಿ ಇಲ್ಲ ಈಗ. ನೀವೂ ಹಾಗೇ ಮಾಡ್ತಿದ್ರಲ್ಲ, ಟೀಚರ್?"

ನಾನು ಹೌದೆಂದು ತಲೆಯಾಡಿಸಿ ಬಸ್ ಹತ್ತಿದೆ.

ರೂಪಾಲಿ ಎಲ್ಲಿದ್ದಾಳೋ ತಿಳಿಯದು. ನಾನು ಹುಡುಕಲೂ ಇಲ್ಲ. ನಿನ್ನ ಶಾಲೆ ಎಲ್ಲಿದೆಯೆಂದು ಮಾತ್ರ ಗೊತ್ತು. ಸೋಮವಾರ ಬರುತ್ತೇನೆ, ಭವ್ಯಾ. ರೂಪಾಲಿಗೆ ನಾನು ಮಾಡಿದ್ದನ್ನು ನಿನ್ನ ತರಗತಿಯ ಮಕ್ಕಳ ಎದುರೇ ಹೇಳುತ್ತೇನೆ. ನೀನು ಹೊರಗೆ ಕಳಿಸಿದರೆ, ಬಾಗಿಲಲ್ಲಿ ನಿಂತು ಹೇಳುತ್ತೇನೆ.