ಉಳಿದ ಐದು ತುಂಡುಗಳು

ಹೋದ ವರ್ಷ ಗಣೇಶೋತ್ಸವದಲ್ಲಿ, ಕಾತ್ರಜದ ನಮ್ಮ ವಸತಿ ಸೊಸೈಟಿಯ ಮಾಡೆಲ್ ಕಟ್ಟುವ ಸ್ಪರ್ಧೆಯಲ್ಲಿ ನನಗೆ ಅನ್ಯಾಯವಾಗಿತ್ತು. ನಾನು ಮರೆತಿಲ್ಲ ಗೆಳೆಯರೇ. ಪ್ಲಾಸ್ಟಿಕ್ ಬ್ಲಾಕ್ಸ್ ಜೋಡಿಸಿ ನಾನು ಕಟ್ಟಿದ್ದ ಕೆಂಪು ರೇಸ್ ಕಾರನ್ನು ತೀರ್ಪುಗಾರ ಜೋಶಿಯವರು ಸ್ಪರ್ಧೆಯಿಂದಲೇ ತೆಗೆದರು. ಕಾರಣ, ಡಬ್ಬಿಯಲ್ಲಿ ಉಳಿದಿದ್ದ ಐದು ಸಣ್ಣ ತುಂಡುಗಳು.

"ಎಲ್ಲೋ ಹಚ್ಚೂದು ಮರತೀರಿ, ವೈನಿ," ಎಂದು ಅತ್ತಿಗೆಯೆನ್ನುತ್ತಲೇ ನಕ್ಕು ಕಾರಿನ ಮುಂದೆ 'ಅಪೂರ್ಣ' ಎಂಬ ಚೀಟಿ ಇಟ್ಟರು. ಸಣ್ಣವು ಕಳೆದುಹೋದಾವೆಂದು ಕಂಪನಿಯವರೇ ಕೆಲವನ್ನು ಹೆಚ್ಚು ಹಾಕಿರುತ್ತಾರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಇವತ್ತು ಅದೇ ಜೋಶಿಯವರು ತಾವು ಕಟ್ಟಿದ ಕಾರು ತೋರಿಸಲು ಎಲ್ಲರನ್ನೂ ಚಹಾಕ್ಕೆ ಕರೆದಿದ್ದರು. ಅದೇ ಮಾಡೆಲ್! ನನ್ನದನ್ನೂ ಒಯ್ದು ಪಕ್ಕದಲ್ಲಿಟ್ಟೆ. ಮೂತಿಯಿಂದ ಹಿಂದಿನ ರೆಕ್ಕೆಯವರೆಗೆ ಒಂದು ತುಂಡಿನ ವ್ಯತ್ಯಾಸವೂ ಇಲ್ಲ.

"ಆ ಬಟ್ಟಲದಾಗ ಏನ್ ಉಳದಾವ್ರಿ?" ಎಂದು ಅವರ ಕಾರಿನ ಪಕ್ಕದಲ್ಲಿದ್ದ ಬಟ್ಟಲು ತೋರಿಸಿ ಕೇಳಿದೆ.

"ಅವಾ? ಕಂಪನಿಯವ್ರ ಹೆಚ್ಚಿಗಿ ಕೊಟ್ಟಿರ್ತಾರ್ರಿ."

ಎಲ್ಲರೆದುರು ಎಣಿಸಿದೆ. ಐದು! ಮೊದಲು ನಕ್ಕವರು ಅವರ ಹೆಂಡತಿ: "ಅಲ್ರೀ, ಹಂಗಾರ ವೈನೀದೂ ಪೂರ್ತಿ ಆಗಿತ್ತಲ್ಲ!"

ಆ ಚೀಟಿಯನ್ನು ನಾನು ಎಸೆದಿಲ್ಲ. ಅದನ್ನೀಗ ಯಾರ ಕಾರಿನ ಮುಂದೆ ಇಡೋಣ? ಜೋಶಿಯವರು ಇದೇ ಪೋಸ್ಟಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಉತ್ತರಿಸಲಿ.