ಒಳಪೆಟ್ಟು ಅಂತ ತಿಳಿದೆವು

ನನ್ನ ತಂಗಿಯನ್ನು ನಮ್ಮ ಅವ್ವನ ತಮ್ಮನಿಗೇ ಕೊಟ್ಟಿದ್ದೆವು. ನಮ್ಮೂರು ಬಸವನ ಬಾಗೇವಾಡಿ ಹತ್ತಿರ, ಮಾಮಾನ ಊರು ಇಂಡಿ ಕಡೆ. ಅಲ್ಲಿ ಅವನಿಗೆ ಎರಡೆಕರೆ ಲಿಂಬೆ ತೋಟ. ಆ ಮಾಮಾನ ಕೆನ್ನೆಗೆ ನಾನು ನಾಲ್ಕು ಮಂದಿ ಹಿರಿಯರ ಮುಂದೆ ಹೊಡೆದೆ. ಯಾಕೆ ಹೊಡೆದೆ, ಅದರಿಂದ ಏನಾಯಿತು, ಅಷ್ಟನ್ನೇ ಹೇಳುತ್ತೇನೆ.

ನಾಗರ ಪಂಚಮಿಗೆ ತಂಗಿ ತವರಿಗೆ ಬಂದಳು. ಹಬ್ಬದ ಹಿಂದಿನ ದಿನ ಬಳೆಗಾರ್ತಿ ಬಂದು ಕಟ್ಟೆಯ ಮೇಲೆ ಕೂತಳು. ತಂಗಿಯ ಕೈ ಹಿಸುಕಿ ಹಿಸುಕಿ ಹಸಿರು ಬಳೆ ಏರಿಸುವಾಗ ಕುಪ್ಪಸದ ತೋಳು ಮೇಲೆ ಸರಿಯಿತು. ರಟ್ಟೆಯ ತುಂಬ ಕಲೆ. ಎರಡು ಹಳದಿಗೆ ತಿರುಗಿದ್ದವು, ಒಂದು ಬದನೆಕಾಯಿ ಬಣ್ಣ. ಬಳೆಗಾರ್ತಿ ಅವ್ವನ ಮುಖ ನೋಡಿದಳು.

“ಏನವಾ, ಗಂಡ ಬಾಳ ಪ್ರೀತಿ ಮಾಡ್ತಾನೇನ?” ಅಂತ ತಂಗಿಗೆ ಅಂದಳು.

ನಗುವ ಮಾತು ಅದು. ಯಾರೂ ನಗಲಿಲ್ಲ.

ಅವ್ವ ತಂಗಿಯನ್ನು ಒಳಗೆ ಎಳೆದುಕೊಂಡು ಹೋಗಿ ನೋಡಿದಳು. ಬೆನ್ನ ಮೇಲೆ, ತೊಡೆಯ ಮೇಲೆ ಕೂಡ ಇದ್ದವಂತೆ.

“ಖರೇ ಹೇಳು. ಹೊಡದಾನೊ ಇಲ್ಲೊ?” ಅವ್ವ ಕೇಳಿದಳು.

“ಇಲ್ಲವಾ. ಲಿಂಬಿ ಕ್ರೇಟ್ ಎತ್ತುವಾಗ ಬಡದಿರಬೇಕು. ನನಗ ಗೊತ್ತ ಆಗಂಗಿಲ್ಲ. ಮುಂಜಾನೆದ್ದು ನೋಡಿದ್ರ ಬಂದಿರ್ತಾವು.”

“ಬೆನ್ನಿಗೂ ಕ್ರೇಟ್ ಬಡೀತೈತೇನ?” ನಾನು ಬಾಗಿಲಾಚೆಯಿಂದ ಕೇಳಿದೆ.

“ಅಣ್ಣಾ, ನಿನಗ ಯಾರ ಮ್ಯಾಲರ ಕೈ ಮಾಡಬೇಕಾಗೈತಿ. ಅದಕ್ಕ ಹಿಂಗ ಕೇಳ್ತಿ,” ಅಂದಳು.

ಗಂಡ ಹೊಡೆದರೆ ಹೆಣ್ಣುಮಕ್ಕಳು ಮುಚ್ಚಿಡುತ್ತಾರೆ. ನಮ್ಮ ಓಣಿಯಲ್ಲೇ ನೋಡಿದ್ದೇವೆ. ಹಾಗಾಗಿ ಅವಳು ಇಲ್ಲ ಅಂದಷ್ಟೂ ನಮಗೆ ಹೌದು ಅನಿಸಿತು. ಕೇಳಿದ್ದು ತಪ್ಪಲ್ಲ. ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಹೋದದ್ದು ತಪ್ಪು.

ಹಬ್ಬ ಮುಗಿದು ಕರೆದೊಯ್ಯಲು ಬಂದ ಮಾಮಾನನ್ನು ಹಿರಿಯರ ಮುಂದೆ ಕೂರಿಸಿದೆವು. ಅವ್ವನೇ ಶುರು ಮಾಡಿದಳು.

“ನಿನಗ ಉಣ್ಣಾಕ ಉಡಾಕ ಕಲಿಸಿದಾಕಿ ನಾನು. ನನ್ನ ಮಗಳ ಮೈಗೆ ಕೈ ಹಚ್ತಿ?”

“ಯಕ್ಕಾ, ದೇವರಾಣಿ ಹೊಡದಿಲ್ಲ,” ಮಾಮಾ ಅಂದ. “ಆಕಿಗೆ ಬಾಳ ಸುಸ್ತ ಆಗಾಕತ್ತೈತಿ. ಡಾಕ್ಟರಿಗೆ ತೋರ್ಸೀನಿ. ರಕ್ತ ತಪಾಸ ಮಾಡಸ್ರಿ ಅಂದಾರ. ಹಬ್ಬ ಮುಗೀಲಿ ಅಂದ್ಲು, ಅದಕ್ಕ...”

ಅಂಗಿಯ ಕಿಸೆಯಿಂದ ಡಾಕ್ಟರ ಚೀಟಿ ತೆಗೆಯುತ್ತಿದ್ದ. ಅದು ಹೊರಗೆ ಬರುವ ಮೊದಲೇ ಹೊಡೆದೆ.

“ನಾಟಕ ಮಾಡ್ತಿ?” ಅಂದೆ.

ಹುಡುಗಿ ಸ್ವಲ್ಪ ದಿನ ತವರಲ್ಲೇ ಇರಲಿ, ಇವನ ಬುದ್ಧಿ ನೆಟ್ಟಗಾಗಲಿ ಅಂತ ಹಿರಿಯರು ಹೇಳಿದರು. ಆ ಚೀಟಿಯಲ್ಲಿ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ತಂಗಿ ಬಾಗಿಲಲ್ಲಿ ನಿಂತು “ನಾ ಹೋಗ್ತೇನಿ, ನನ್ನ ಕಳಸ್ರಿ” ಅಂತ ಅತ್ತಳು. ನಾನು ಕಳಿಸಲಿಲ್ಲ.

ಆಮೇಲೆ ಹದಿನೆಂಟು ದಿನ ನಮ್ಮ ಮನೆಯಲ್ಲಿದ್ದಳು. ಕಲೆಗಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಳೆಗಾರ್ತಿ ಹಿಸುಕಿದ ಕಡೆ ಮರುದಿನವೇ ನೀಲಿ ಬೆರಳಿನ ಗುರುತುಗಳು ಮೂಡಿದ್ದವು, ಅದನ್ನೂ ನೋಡಿದ್ದೆ. ಈಗ ಹೊಟ್ಟೆಯ ಮೇಲೆ ಹೊಸದು, ಭುಜದ ಮೇಲೆ ಹೊಸದು. ನಮ್ಮ ಮನೆಯಲ್ಲಿ ಅವಳನ್ನು ಯಾರು ಹೊಡೆಯುತ್ತಾರೆ? ಅಷ್ಟು ಸಣ್ಣ ಮಾತು ತಲೆಗೆ ಹೋಗಲಿಲ್ಲ. ಯಾಕಂದರೆ ಅವ್ವನ ಹತ್ತಿರ ಅದಕ್ಕೂ ಉತ್ತರ ಇತ್ತು.

“ಒಳಪೆಟ್ಟು ಅದು. ಅಂವ ಹೊಡದದ್ದು ಈಗ ಹೊರಗ ಬೀಳಾಕತ್ತೈತಿ.”

ನಾನೂ ನಂಬಿದೆ. ಅವ್ವ ಅರಿಶಿಣ ಸುಣ್ಣ ಕಲಸಿ ಹಚ್ಚಿದಳು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬಂತು. ಉಷ್ಣ ಅಂತ ಮಜ್ಜಿಗೆ ಕುಡಿಸಿದಳು. ಜ್ವರ ಮೈಕೈ ನೋವು ಬಂತು. ಅಂಗಡಿಯಿಂದ ನಾನೇ ನೋವಿನ ಗುಳಿಗೆ ತಂದುಕೊಟ್ಟೆ. ಮುಖ ಬಿಳಿಚಿತು, ಚಿಂತೆ ಅಂದೆವು.

ಹದಿನೆಂಟನೇ ದಿನ ಬೇರೆ ಕೆಲಸಕ್ಕೆ ಮನೆಗೆ ಬಂದ ಆಶಾ ಕಾರ್ಯಕರ್ತೆ ತಂಗಿಯ ಕಾಲು ನೋಡಿದಳು. ಮೊಣಕಾಲ ಕೆಳಗೆ ಗಸಗಸೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ಬೆರಳಿನಿಂದ ಒತ್ತಿದಳು. ಚುಕ್ಕೆ ಮಾಸಲಿಲ್ಲ. ದಿಂಬಿನ ಹತ್ತಿರದ ನೋವಿನ ಗುಳಿಗೆ ಎತ್ತಿ ನೋಡಿದಳು.

“ಇದು ಹೊಡತ ಅಲ್ಲೋ ತಮ್ಮಾ. ಒಳಗ ರಕ್ತ ಸೋರಾಕತ್ತೈತಿ. ಈ ಗುಳಗಿ ಒಗಿ ಮೊದಲ, ಇದು ರಕ್ತ ಇನ್ನಷ್ಟ ಸೋರಸ್ತೈತಿ. ಈಗಿಂದೀಗ ಬಿಜಾಪುರಕ್ಕ ಕರ್ಕೊಂಡ್ ನಡಿ.”

ಗಾಡಿಯಲ್ಲಿ ತಂಗಿ “ಅಣ್ಣಾ, ಅವರಿಗೆ ಫೋನ್ ಹಚ್ಚು” ಅಂದಳು. ಹಚ್ಚಿದೆ. ಮಾಮಾ ಹಲೋ ಅಂದ. ಫೋನ್ ಅವಳ ಕಿವಿಗೆ ಹಿಡಿದೆ.

“ಸಿಟ್ಟಾಗಬ್ಯಾಡ್ರಿ. ಬರ್ರಿ,” ಅಂದಳು. ಅಷ್ಟೇ.

ದವಾಖಾನೆಯಲ್ಲಿ ರಕ್ತದ ಕ್ಯಾನ್ಸರ್ ಅಂದರು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಬಹಳ ಕಡಿಮೆಯಾಗಿದ್ದವು. ಕಲೆ ಯಾವಾಗಿನಿಂದ ಅಂತ ಡಾಕ್ಟರ್ ಕೇಳಿದರು. ತಿಂಗಳಾಯಿತು ಅಂದೆ.

“ಇಷ್ಟ ದಿನ ಏನ್ ಮಾಡಾಕತ್ತಿದ್ರಿ?”

ಮೊದಲೇ ತಂದಿದ್ದರೆ ಉಳಿಯುತ್ತಿದ್ದಳಾ ಅಂತ ಕೇಳಿದೆ. “ಹೇಳಾಕ ಬರಂಗಿಲ್ಲ. ಆದ್ರ ಔಷಧ ಕೊಡಾಕ ನಮಗ ದಿನ ಸಿಗ್ತಿದ್ವು,” ಅಂದರು.

ಮಾಮಾ ದವಾಖಾನೆಗೆ ಬಂದಾಗ ಅವಳಿಗೆ ಎಚ್ಚರ ಇತ್ತು. ಒಂದು ಸಂಜೆ ಮಾತಾಡಿದರು. ಮರುದಿನ ತಲೆಯೊಳಗೆ ರಕ್ತ ಸೋರಿತು. ಹೋದಳು. ಇಪ್ಪತ್ತೆರಡು ವರ್ಷ ವಯಸ್ಸು.

ಎಲ್ಲಿ ಬಡಿದುಕೊಂಡೆ ಅಂತ ಗೊತ್ತಿರುವ ಕಲೆ ನೀಲಿಯಿಂದ ಹಸಿರು, ಹಳದಿ ಆಗಿ ಎರಡು ವಾರದಲ್ಲಿ ಸಾಮಾನ್ಯವಾಗಿ ಹೋಗುತ್ತದೆ. ಕಾರಣವಿಲ್ಲದೆ ಬಂದರೆ, ಬೆನ್ನು ಹೊಟ್ಟೆಯ ಮೇಲೂ ಬಂದರೆ, ಜೊತೆಗೆ ವಸಡಿನ ರಕ್ತ, ಜ್ವರ, ಸುಸ್ತು ಇದ್ದರೆ ಅರಿಶಿಣ ಹಚ್ಚುತ್ತ ಕೂರಬೇಡಿ. ಅದೇ ದಿನ ರಕ್ತ ತಪಾಸಣೆ ಮಾಡಿಸಿ. ಯಾರಾದರೂ ಹೊಡೆದಿದ್ದರೂ ಮೊದಲು ದವಾಖಾನೆ, ನ್ಯಾಯ ಆಮೇಲೆ.

ತಂಗಿಯ ದಿನಕರ್ಮ ಮುಗಿದ ಮೇಲೆ ಮಾಮಾನ ಊರಿಗೆ ಹೋದೆ. ಗಿಡದ ಕೆಳಗೆ ಕೂತು ಉದುರಿದ ಲಿಂಬೆ ಆರಿಸುತ್ತಿದ್ದ. ಕಾಲು ಹಿಡಿಯಲು ಬಗ್ಗಿದೆ. ರಟ್ಟೆ ಹಿಡಿದು ಎತ್ತಿದ.

“ತಿರುಗಿ ಹೊಡಿ ಮಾಮಾ,” ಅಂದೆ.

“ಹುಚ್ಚಾ. ಆ ಹೊಡತದ ಸಿಟ್ಟು ಯಾವಾಗೋ ಇಳೀತು.” ಒಂದು ಲಿಂಬೆ ಎತ್ತಿ ಬುಟ್ಟಿಗೆ ಹಾಕಿದ. “ಆಕಿ ಉಳೀತಿರಲಿಲ್ಲ ಅಂತನ ತಿಳ್ಕೊ. ಆ ಹದಿನೆಂಟ ದಿನ ನನ್ನ ಮನ್ಯಾಗರ ಇರ್ತಿದ್ಲು. ಆ ದಿನ ಎಲ್ಲಿಂದ ತಂದು ಕೊಡ್ತಿ?”

ನಾನು ಬುಟ್ಟಿಯ ಇನ್ನೊಂದು ಕಡೆ ಕೂತು ಸಂಜೆಯವರೆಗೆ ಲಿಂಬೆ ಆರಿಸಿದೆ.